ತಣ್ಣನೆಯ ಅಂಗಾಲು

ಮೊನ್ನೆ ಶಹಾಪುರದ ದವಾಖಾನೆಯಲ್ಲಿ ನನ್ನ ತೋಳಿಗೆ ಬಿ.ಪಿ. ಪಟ್ಟಿ ಸುತ್ತಿದರು. ನಾನು ಹೋದದ್ದು ಮೊಣಕಾಲು ನೋವಿನ ಗುಳಿಗೆಗೆ. ವಯಸ್ಸಾದವರಿಗೆಲ್ಲ ಬಿ.ಪಿ. ನೋಡಲೇಬೇಕು ಅಂತ ಸ್ಟೂಲಿನ ಮೇಲೆ ಕೂಡಿಸಿದರು. ಪಟ್ಟಿ ಉಬ್ಬಿ ತೋಳು ಹಿಂಡುವಾಗ ಸ್ಪಿರಿಟ್ಟಿನ ವಾಸನೆ ಮೂಗಿಗೆ ಬಡಿಯಿತು. ಎದುರಿಗೆ ಬಾಗಿಲು. ಹಸಿರು ಬಣ್ಣ ಬಳಿದಿದ್ದಾರೆ, ಆದರೆ ಬಾಗಿಲು ಅದೇ. ಆ ಬಾಗಿಲಲ್ಲಿ ನಿಂತು ನಾನು ಒಬ್ಬ ಡಾಕ್ಟರನ ಮಾನ ಕಳೆದಿದ್ದೆ.

ನನ್ನ ಬಿ.ಪಿ. ಏರಿತ್ತಂತೆ. "ಏನ್ ಚಿಂತಿ ಮಾಡಾಕತ್ತೀದಿ ಯಮ್ಮಾ?" ಅಂದಳು ಹೊಸ ನರ್ಸಮ್ಮ.

"ಏನಿಲ್ಲ ಬಿಡವಾ. ನಿನ್ನ ಬಾಗಿಲ ಬಣ್ಣ ಛಂದಿಲ್ಲ" ಅಂದು ಎದ್ದು ಬಂದೆ.

ಅಕಿಗೆ ಹೇಳದ್ದನ್ನು ಇಲ್ಲಿ ಬರೆಯುತ್ತೇನೆ.

ನಮ್ಮೂರು ದೋರನಹಳ್ಳಿ. ಮನೆಯಲ್ಲಿ ನಾಲ್ಕು ಜನ. ನಾನು, ಮಗ ಶರಣಪ್ಪ, ಸೊಸೆ ಮಲ್ಲಮ್ಮ, ಮೊಮ್ಮಗಳು ಭಾಗ್ಯಾ. ಮಗ ಶಹಾಪುರದ ಹತ್ತಿ ಮಿಲ್ಲಿನಲ್ಲಿ ಯಂತ್ರ ನೋಡಿಕೊಳ್ಳುತ್ತಾನೆ. ಕಾಲುವೆ ಕೆಳಗಿನ ಹೊಲ, ಅರ್ಧ ಭತ್ತ, ಅರ್ಧ ಹತ್ತಿ, ನನ್ನದೂ ಸೊಸೆಯದೂ ಜವಾಬ್ದಾರಿ. ಇದು ನಡೆದ ವರ್ಷ ಭಾಗ್ಯಾಗೆ ಹದಿನೈದು ನಡೆಯುತ್ತಿತ್ತು. ಬೇಸಿಗೆ ಮುಗಿದರೆ ಹತ್ತನೇ ಇಯತ್ತೆ.

ಆ ಬೇಸಿಗೆಯಿಂದಲೇ ಶುರು ಮಾಡಬೇಕು. ನಮ್ಮ ಕಡೆ ಬೇಸಿಗೆ ಅಂದರೆ ಮಧ್ಯಾಹ್ನ ನಾಯಿಗಳೂ ಬೊಗಳುವುದಿಲ್ಲ. ಉಂಡು ನಡುಮನೆಯಲ್ಲಿ ಹಾಸುಬಂಡೆಯ ಮೇಲೆ ಅಡ್ಡಾಗುತ್ತಿದ್ದೆವು. ಕರೆಂಟು ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಒಂದು ದಿನ ನಿದ್ದೆಯಲ್ಲಿ ಭಾಗ್ಯಾಳ ಅಂಗಾಲು ನನ್ನ ಬೆನ್ನಿಗೆ ತಾಗಿತು. ನೀರು ತುಂಬಿದ ಹೊಸ ಗಡಿಗೆ ಮುಟ್ಟಿದ ಹಾಗಾಯಿತು. ಅಷ್ಟು ತಣ್ಣಗೆ.

"ಏ ಪೋರಿ, ಇನ್ನೊಂದು ಕಾಲೂ ಹಚ್ಚು" ಅಂದೆ.

"ಆಯಿ, ನಾ ಏನ್ ನಿನ್ನ ಗಡಿಗ್ಯಾ?"

"ಗಡಿಗಿ ಮಾತಾಡಂಗಿಲ್ಲ. ಸುಮ್ಮ ಹಚ್ಚು."

ಆಮೇಲೆ ದಿನಾ ಅದೇ ರೂಢಿಯಾಯಿತು. ಮಧ್ಯಾಹ್ನ ಉಂಡ ಮೇಲೆ ಮೊಮ್ಮಗಳ ಎರಡೂ ಅಂಗಾಲು ಬೆನ್ನಿಗೆ ಒತ್ತಿಸಿಕೊಂಡು ಆರಾಮ ಮಲಗುತ್ತಿದ್ದೆ. ಓಣಿಯ ಹೆಂಗಸರ ಮುಂದೆ ಹೇಳಿ ನಗುತ್ತಿದ್ದೆ. ನಮ್ಮ ಮನೆಗೆ ಕೂಲರ್ ಬೇಕಾಗಿಲ್ಲ, ಕಾಲಿನ ಕೂಲರ್ ಅದ ಅಂತ. ಬಂಡೆ ಸುಡುವ ಬಿಸಿಲಿನಲ್ಲಿ ಒಂದು ಹುಡುಗಿಯ ಕಾಲು ಯಾಕೆ ತಣ್ಣಗಿರಬೇಕು ಅಂತ ಒಬ್ಬಳೂ ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ. ಆ ಕಾಲು ನನಗೆ ಹೊಸದೇನಲ್ಲ. ಹುಟ್ಟಿದ ಕೂಸನ್ನು ನನ್ನ ಮೊಣಕಾಲ ಮೇಲೆ ಹಾಕಿಕೊಂಡು ಐದು ತಿಂಗಳು ನೀರೆರೆದಾಕಿ ನಾನೇ. ದಿನಾ ಎಳೆದು ನೀವಿ ಬಿಸಿನೀರು ಹಾಕಿದ ಕಾಲು.

ಮಳೆ ಬಿತ್ತು. ಕಾಲುವೆಗೆ ನೀರು ತಡವಾಗಿ ಬಂತು. ಭತ್ತದ ಸಸಿ ಹಚ್ಚುವ ಅವಸರ. ಆಳುಗಳು ಸಿಗಲಿಲ್ಲ. ಭಾಗ್ಯಾಳನ್ನು ಎರಡು ದಿನ ಶಾಲೆ ಬಿಡಿಸಿ ಗದ್ದೆಗೆ ಇಳಿಸಿದೆ. ಹುಡುಗಿ ನೋಡಲು ಗಟ್ಟಿ. ಭುಜ ಅಗಲ, ರಟ್ಟೆ ಗಂಡಸರ ಹಾಗೆ, ತುಂಬಿದ ಕೊಡ ಒಂದೇ ಏಟಿಗೆ ಎತ್ತುತ್ತಿದ್ದಳು. ಆದರೆ ಕೆಸರಿನಲ್ಲಿ ಅರ್ಧ ಸಾಲು ಹಚ್ಚುವುದರೊಳಗೆ ಮೀನಖಂಡ ಹಿಡಿದುಕೊಂಡು ಬದುವಿನ ಮೇಲೆ ಕೂತಳು.

"ಆಯಿ, ಕಾಲು ಸೆಳಿಯಾಕತ್ತಾವ."

"ನನ್ನ ಕಾಲು ಏನ್ ಹಾಡಾಕತ್ತಾವೇನು? ಏಳ."

"ಖರೇನ ಆಯಿ. ಜೀವಿಲ್ಲದಂಗ ಆಗ್ಯಾವ."

"ಮೊಬೈಲ್ ಹಿಡಿಲಾಕ ಕೈಯಾಗ ಜೀವ ಇರ್ತದ, ಸಸಿ ಹಚ್ಚಾಕ ಕಾಲಾಗ ಇರಂಗಿಲ್ಲ."

ಎದ್ದಳು. ಮತ್ತೆ ಕೂತಳು. ನಾನು ಮತ್ತೆ ಬೈದೆ. ಸಂಜೆಯವರೆಗೆ ಹಾಗೇ ನಡೆಯಿತು. ಮಲ್ಲಮ್ಮ ನಡುವೆ ಏನೋ ಹೇಳಲು ಬಂದಳು; ಅಕಿಗೂ ಸೇರಿಸಿ ಬೈದೆ.

ಶ್ರಾವಣದಲ್ಲಿ ಶಾಲೆಯಿಂದ ಟೀಚರಮ್ಮನ ಫೋನ್ ಬಂತು. ಪಾಠದ ನಡುವೆ ಮೂಗಿನಿಂದ ರಕ್ತ ಬಂದು ನಿಂತೇ ಇಲ್ಲವಂತೆ, ದವಾಖಾನೆಗೆ ತೋರಿಸಿ ಅಂದರು. ತಲೆನೋವಂತೂ ಅಕಿಗೆ ಮೊದಲಿಂದ ಇತ್ತು. ಉಷ್ಣ ಅಂತ ನಾನು ಉಳ್ಳಾಗಡ್ಡಿ ಮೂಸಿಸಿ, ನೆತ್ತಿಗೆ ಎಣ್ಣೆ ಒತ್ತಿ ಕಳಿಸುತ್ತಿದ್ದೆ. ಶರಣಪ್ಪನಿಗೆ ಮಿಲ್ಲಿನಲ್ಲಿ ರಜೆ ಸಿಗಲಿಲ್ಲ. ನಾನೇ ಶಹಾಪುರಕ್ಕೆ ಕರೆದುಕೊಂಡು ಹೋದೆ.

ಡಾಕ್ಟರ್ ಸಣ್ಣ ವಯಸ್ಸಿನವ. ಮೈಸೂರು ಕಡೆಯ ಮಾತು. ಮಾತು ಮೆತ್ತಗೆ. ನಮ್ಮ ಕಡೆ ಅಂಥ ಮಾತಿಗೆ ಯಾರೂ ಬೆಲೆ ಕೊಡುವುದಿಲ್ಲ. ಭಾಗ್ಯಾಳ ಬಲತೋಳಿಗೆ ಪಟ್ಟಿ ಸುತ್ತಿ ನೋಡಿದ. ಹುಬ್ಬು ಗಂಟು ಹಾಕಿದ. ಮತ್ತೆ ನೋಡಿದ. ಯಂತ್ರ ಬದಲಿಸಿ ಮತ್ತೆ ನೋಡಿದ. ಆಮೇಲೆ ಅಕಿಯ ಚಪ್ಪಲಿ ತೆಗೆಸಿ, ಪಾದದ ಮೇಲೆ ಎರಡು ಬೆರಳಿಟ್ಟು, ಕತ್ತಲಲ್ಲಿ ಸೂಜಿ ಹುಡುಕುವವರ ಹಾಗೆ ಬಹಳ ಹೊತ್ತು ಹುಡುಕಿದ.

"ಅಜ್ಜಿ, ತೊಡೆ ಸಂದಿಯಲ್ಲಿ ನಾಡಿ ನೋಡಬೇಕು. ಸ್ವಲ್ಪ ಮಲಗಿಸಿ" ಅಂದ. ರಜಿಯಾ ಸಿಸ್ಟರ್ ಅಂತ ಕೂಗಿದ. ರಜಿಯಾ ನಮ್ಮ ಓಣಿಯ ಹುಡುಗಿ, ಅಲ್ಲಿ ನರ್ಸು. ಆ ಹೊತ್ತಿಗೆ ಅಕಿ ಪಕ್ಕದ ಕೋಣೆಯಲ್ಲಿ ಯಾರಿಗೋ ಸೂಜಿ ಚುಚ್ಚುತ್ತಿದ್ದಳು. ಹೊರಗೆ ಜನರ ಸಾಲು ಗೇಟಿನವರೆಗೆ. ಅವನಿಗೂ ಅವಸರ. ಭಾಗ್ಯಾ ಮಲಗಿದಳು. ಬಟ್ಟೆಯ ಮೇಲಿಂದಲೇ, ತೊಡೆಯ ಸಂದಿಗೆ ಎರಡು ಬೆರಳು ಇಟ್ಟ.

ನಾನು ಅವನ ಕೈಗೆ ಹೊಡೆದೆ.

"ಕೈ ತಗಿ! ತಗಿಯೋ ಕೈ! ಮೂಗಿನಾಗ ರಕ್ತ ಅಂತ ಬಂದ್ರ ತೊಡಿಗ್ಯಾಕ ಕೈ ಹಾಕ್ತೀ? ಬೆಳದ ಹುಡುಗಿ ಕಾಣಂಗಿಲ್ಲೇನು ನಿನಗ?"

"ಅಜ್ಜಿ, ಕೇಳಿ..."

"ಏನ್ ಕೇಳೂದು? ಬರ್ರಿ ಎಲ್ಲಾರೂ, ನೋಡ್ರಿ ಇವನ ಚಾಳಿ!"

ಬಾಗಿಲಲ್ಲಿ ನಿಂತು ಕೂಗಿದೆ. ಜನ ಬಂದರು. ಜನಕ್ಕೆ ಇನ್ನೇನು ಬೇಕು? ಇಬ್ಬರು ಗಂಡಸರು ಅವನ ಕಾಲರ್ ಹಿಡಿದರು. ರಜಿಯಾ ಓಡಿಬಂದು ನಡುವೆ ನುಗ್ಗಿ ಬಿಡಿಸಿದಳು. ಅವನ ಮುಖ ಸುಣ್ಣದ ಗೋಡೆ ಆಗಿತ್ತು. ಆದರೂ ಒಂದು ಚೀಟಿ ಬರೆದು ನನ್ನ ಕೈಗೆ ಕೊಟ್ಟ.

"ನನ್ನ ಮೇಲಿನ ಸಿಟ್ಟು ಇರಲಿ. ಹುಡುಗೀನ ಯಾದಗಿರಿಗೆ ಕರಕೊಂಡು ಹೋಗಿ. ಲೇಡಿ ಡಾಕ್ಟರಿಗೇ ತೋರಿಸಿ. ಆದರೆ ತೋರಿಸಿ ಅಜ್ಜಿ."

ಗೇಟು ದಾಟಿದ ಮೇಲೆ ಚೀಟಿ ಹರಿದು ಗಟಾರಕ್ಕೆ ಹಾಕಿದೆ. ಬಸ್ಸಿನಲ್ಲಿ ಭಾಗ್ಯಾಗೆ ಹೇಳಿದೆ, "ಮನ್ಯಾಗ ಬಾಯಿ ಬಿಟ್ಟೀದಿ ನೋಡು. ನಿಮ್ಮಪ್ಪ ಬಂದು ಅವನನ್ನ ಕೊಂದೇ ಬಿಡ್ತಾನ." ಅದೂ ಸುಳ್ಳೇ. ಮಗ ಯಾರನ್ನೂ ಕೊಲ್ಲುವವನಲ್ಲ. ಊರಲ್ಲಿ ಮಾತಾದರೆ ನಾಳೆ ಹುಡುಗಿಯ ಹೆಸರು ಕೆಡುತ್ತದೆ ಅನ್ನುವುದು ನನ್ನ ಲೆಕ್ಕ. ಮನೆಯಲ್ಲಿ ಡಾಕ್ಟರ್ ಉಷ್ಣ ಅಂದಾನ ಅಂತ ಹೇಳಿದೆ. ರಜಿಯಾಗೂ, ಓಣಿಯಲ್ಲಿ ಮಾತಾಡಬೇಡ, ಯಾದಗಿರಿಗೆ ನಾನೇ ಒಯ್ಯುತ್ತೇನೆ ಅಂದಿದ್ದೆ. ಭಾಗ್ಯಾ ತಲೆ ಬಗ್ಗಿಸಿಕೊಂಡು ಒಳಗೆ ಹೋದಳು.

ಆಮೇಲೆ ಸುರಪುರ. ಅಲ್ಲಿ ಗುಡ್ಡದ ಬುಡದಲ್ಲಿ ಕಾಲು ತಿಕ್ಕುವ ಮುದುಕಿ ಇದ್ದಾಳೆ ಅಂತ ಯಾರೋ ಹೇಳಿದ್ದರು. ಪ್ರತಿ ಸೋಮವಾರ ಒಯ್ದೆ. ಮುದುಕಿ ಔಡಲೆಣ್ಣೆ ಕಾಯಿಸಿ ತೊಡೆಯಿಂದ ಅಂಗಾಲಿನವರೆಗೆ ತಿಕ್ಕುತ್ತಿದ್ದಳು. ಅಕಿ ಹೆಂಗಸು, ಎಲ್ಲಿ ಮುಟ್ಟಿದರೂ ನನಗೆ ನಡೆಯುತ್ತಿತ್ತು. ತಿಕ್ಕಿ ಮುಗಿಸಿದಾಗ ಕಾಲು ಬೆಚ್ಚಗಾಗಿರುತ್ತಿದ್ದವು. ನಾನು ಖುಷಿಯಾಗಿ ತೆಂಗಿನಕಾಯಿ ಕೊಟ್ಟು ಬರುತ್ತಿದ್ದೆ. ಬಸ್ಸು ಶಹಾಪುರ ಮುಟ್ಟುವುದರೊಳಗೆ ಮತ್ತೆ ಥಂಡಿ. ತಿಕ್ಕಿದರೆ ಕಟ್ಟಿಗೆಯೂ ಬಿಸಿಯಾಗುತ್ತದೆ. ಅದು ಆಗ ಹೊಳೆಯಲಿಲ್ಲ.

ಹತ್ತಿ ಒಡೆಯುವ ಕಾಲ ಬಂತು. ಹೊಲ ಬೆಳ್ಳಗಾಯಿತು. ರವಿವಾರ ಶಾಲೆ ಇಲ್ಲವಲ್ಲ, ಭಾಗ್ಯಾಳನ್ನೂ ಬಿಡಿಸಲು ಕರೆದುಕೊಂಡು ಹೋದೆ. ಉಡಿ ತುಂಬ ಹತ್ತಿ ಕಟ್ಟಿಕೊಂಡು ಸಾಲಿನ ನಡುವೆ ನಿಂತವಳು, "ಆಯಿ, ಕಣ್ಣ ಮುಂದ ಕರ್ರಗ ಆಗಾಕತ್ತದ" ಅಂದಳು. ನಾಟಕ ಬ್ಯಾಡ ಅನ್ನಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅಕಿ ಬಿದ್ದಳು. ಮೂಗಿನ ರಕ್ತ ಉಡಿಯ ಹತ್ತಿಯನ್ನೆಲ್ಲ ತೋಯಿಸಿತು. ಮಲ್ಲಮ್ಮ ಕಿರುಚಿದ್ದು ಕಾಲುವೆ ದಂಡೆಯವರೆಗೆ ಕೇಳಿಸಿತಂತೆ.

ಎಚ್ಚರವೇನೋ ಬಂತು. ಮನೆಗೆ ತಂದು ಮಲಗಿಸಿದೆವು. ರಜಿಯಾ ಅವತ್ತು ರಜೆಯ ಮೇಲೆ ಮನೆಯಲ್ಲಿದ್ದಳು. ಮಲ್ಲಮ್ಮ ಓಡಿಹೋಗಿ ಕರೆತಂದಳು. ರಜಿಯಾ ತನ್ನ ಪಟ್ಟಿ ತಂದು ನೋಡಿದಳು. ನನ್ನ ಕಡೆ ತಿರುಗಿದ ಅಕಿಯ ಕಣ್ಣು ನೋಡಿ ಆಗಲೇ ನನಗೆ ಅಂಜಿಕೆ ಹೊಕ್ಕಿತು.

"ಯಾದಗಿರಿಗೆ ಒಯ್ದಿದ್ದಿರೇನು ದೊಡ್ಡವ್ವಾ?"

"ಇಲ್ಲ."

"ಆ ಚೀಟಿ?"

ನಾನು ಭಾಗ್ಯಾಳ ಮೂಗಿನ ರಕ್ತ ಸೆರಗಿನಿಂದ ಒರೆಸತೊಡಗಿದೆ.

ರಜಿಯಾ ಬಾಗಿಲು ಮುಂದೆ ಮಾಡಿದಳು. ಮಲ್ಲಮ್ಮನನ್ನು ನೀರು ತರಲು ಕಳಿಸಿದಳು. ಆಮೇಲೆ ಭಾಗ್ಯಾಳ ತೊಡೆಯ ಸಂದಿಗೆ, ಆ ಡಾಕ್ಟರ್ ಬೆರಳಿಟ್ಟಿದ್ದ ಜಾಗಕ್ಕೇ, ಬೆರಳಿಟ್ಟು ಕಣ್ಣು ಮುಚ್ಚಿ ಕೂತಳು. ಬೆರಳು ತೆಗೆದು ನನಗೆ, "ಬರ್ರಿ ಇಲ್ಲಿ. ಕಾಲು ಚಾಚ್ರಿ" ಅಂದಳು.

"ನನಗೇನಾಗ್ಯಾದ?"

"ಚಾಚ್ರಿ ಅಂದೆ."

ನನ್ನ ಬೆರಳು ಹಿಡಿದು ನನ್ನದೇ ಪಾದದ ಮೇಲೆ, ಹೆಬ್ಬೆರಳಿನ ನೇರಕ್ಕೆ ಸ್ವಲ್ಪ ಹಿಂದೆ, ಒತ್ತಿಸಿದಳು. ಟಕ್ ಟಕ್ ಅಂತ ಬಡಿಯಿತು. ಇಷ್ಟು ವರ್ಷ ಅದರ ಮೇಲೆಯೇ ನಡೆದಾಡಿದ್ದೆ, ಅದು ಅಲ್ಲಿ ಬಡಿಯುತ್ತದೆ ಅಂತ ಗೊತ್ತಿರಲಿಲ್ಲ. ಆಮೇಲೆ ಭಾಗ್ಯಾಳ ಪಾದದ ಮೇಲೆ ಇಡಿಸಿದಳು. ಅಲ್ಲಿ ಏನೂ ಇಲ್ಲ. ಬೆರಳು ಸರಿಸಿ ನೋಡಿದೆ. ಒತ್ತಿ ನೋಡಿದೆ. ಕಲ್ಲು ಮುಟ್ಟಿದ ಹಾಗೆ.

"ಕೈಯಾಗ ಡೊಳ್ಳು ಬಡದಂಗ ಬಡಿಯಾಕತ್ತದ, ಕಾಲಾಗ ಇಲ್ಲ. ಅಂವ ಇದನ್ನ ಹುಡಕಾಕತ್ತಿದ್ದ ದೊಡ್ಡವ್ವಾ" ಅಂದಳು ರಜಿಯಾ. "ನೀವು ಅವನ ಕೊಳ್ಳಪಟ್ಟಿ ಹಿಡಿಸಿದ್ರಿ."

ಮರುದಿನ ಯಾದಗಿರಿ. ಅಲ್ಲಿ ಎದೆಗೆ ಯಂತ್ರ ಹಚ್ಚಿ ನೋಡಿದವರು ಒಂದು ದಿನವೂ ತಡ ಮಾಡಬೇಡಿ ಅಂತ ಕಲಬುರಗಿಯ ಹೃದಯದ ದವಾಖಾನೆಗೆ ಬರೆದುಕೊಟ್ಟರು. ಶರಣಪ್ಪ, ನಾನು, ಭಾಗ್ಯಾ ಯಾದಗಿರಿ ಸ್ಟೇಷನ್ನಿನಿಂದ ಮುಂಜಾನೆಯ ರೈಲು ಹತ್ತಿದೆವು. ಹುಡುಗಿ ಕಿಡಕಿಯ ಹತ್ತಿರ ಗಣಿತದ ಪುಸ್ತಕ ತೆರೆದು ಕೂತಳು. ಒಂದು ಹಾಳೆಯನ್ನೂ ತಿರುವಲಿಲ್ಲ.

ಕಲಬುರಗಿಯ ಡಾಕ್ಟರ್ ಕಂಪ್ಯೂಟರಿನಲ್ಲಿ ಚಿತ್ರ ತೋರಿಸಿದರು. ಎದೆಯಿಂದ ಹೊರಟ ದೊಡ್ಡ ರಕ್ತನಾಳ ಮೇಲೆ ಹೋಗಿ ಕೊಡೆಯ ಹಿಡಿಕೆಯ ಹಾಗೆ ಬಾಗಿ ಕೆಳಗೆ ಇಳಿಯುತ್ತದೆ. ಆ ಬಾಗು ಮುಗಿಯುವ ಜಾಗದಲ್ಲಿ ಯಾರೋ ದಾರ ಬಿಗಿದು ಕಟ್ಟಿದ ಹಾಗೆ ಸಣ್ಣಗಾಗಿತ್ತು. ಹುಟ್ಟಿನಿಂದಲೇ ಹಾಗೆ ಅಂದರು. ಅದರಿಂದ ಮೇಲೆ ತಲೆಗೆ, ಕೈಗೆ ರಕ್ತ ನುಗ್ಗುತ್ತದೆ. ಕೆಳಗೆ ಕಾಲಿಗೆ ಮುಟ್ಟುವುದಿಲ್ಲ. ಹೀಗೇ ಬಿಟ್ಟರೆ ತಲೆಯಲ್ಲಿ ನರ ಒಡೆಯಬಹುದು, ಹೃದಯ ಸೋಲಬಹುದು. ನಮ್ಮ ಹೊಲ ಕಾಲುವೆಯ ಕೊನೆಗೆ ಇದೆ. ಮೇಲಿನವರ ಬದು ಒಡೆದು ನೀರು ಹರಿಯುವಾಗ ನಮ್ಮಲ್ಲಿ ನೆಲ ಬಿರಿದಿರುತ್ತದೆ. ಪ್ರತಿ ವರ್ಷ ಕಾಲುವೆ ಆಫೀಸಿಗೆ ಹೋಗಿ ಬೈದು ಬರುವಾಕಿ ನಾನು. ಮೊಮ್ಮಗಳ ಕಾಲಿಗೆ ಹದಿನೈದು ವರ್ಷ ಸರಿಯಾಗಿ ನೀರೇ ಬಂದಿಲ್ಲ ಅನ್ನುವುದು ತಿಳಿಯಲಿಲ್ಲ. ಆ ತಂಪು ನನ್ನ ಬೆನ್ನಿಗೆ ಹಿತವಾಗಿತ್ತು.

"ಇಷ್ಟು ದಿನ ಯಾರೂ ತೊಡಿ ಹತ್ರ ನಾಡಿ ಹಿಡದು ನೋಡಿಲ್ಲೇನ್ರಿ?" ಡಾಕ್ಟರ್ ಕೇಳಿದರು. "ಅದೊಂದು ನೋಡಿದ್ರ ಗೊತ್ತಾಗ್ತಿತ್ತು."

"ಇಲ್ರಿ ಸರ್, ಯಾರೂ ನೋಡಿಲ್ಲ" ಅಂದಳು ಭಾಗ್ಯಾ. ಪಟ್ಟನೆ ಅಂದಳು. ನನ್ನ ಕಡೆ ನೋಡಲಿಲ್ಲ.

ನಾನು ಸುಮ್ಮನಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಮಂಚದ ಮೇಲೆ ಮಲಗಿದ ಹುಡುಗಿ ನನ್ನನ್ನು ಕಾಪಾಡುವುದು ನನಗೆ ಸಹಿಸಲಾಗಲಿಲ್ಲ.

"ಅಕಿ ಸುಳ್ಳ ಹೇಳಾಕತ್ತಾಳ್ರಿ. ಶ್ರಾವಣದಾಗ ಶಹಾಪುರದಾಗ ಒಬ್ಬ ಡಾಕ್ಟರ್ ನೋಡಾಕ ಬಂದಿದ್ದ. ನಾನೇ ಕೈ ಹೊಡದು ತಗಸಿದೆ. ಯಾದಗಿರಿಗೆ ಅಂತ ಚೀಟಿ ಬರದ ಕೊಟ್ಟಿದ್ದ. ಹರದ ಒಗದೆ."

ಡಾಕ್ಟರ್ ಪೆನ್ನು ಕೆಳಗಿಟ್ಟರು. ಶರಣಪ್ಪ ನನ್ನ ಮುಖ ನೋಡಿದ. ಅವನು ಸಣ್ಣವನಿದ್ದಾಗ ನಾನು ಎಷ್ಟೋ ಸಲ ಹೊಡೆದಿದ್ದೇನೆ; ಆಗಲೂ ಹಾಗೆ ನೋಡಿರಲಿಲ್ಲ.

"ಐದು ತಿಂಗಳು, ಅವ್ವಾ" ಅಂದ. ಎದ್ದು ಹೊರಗೆ ಹೋದ. ಅಲ್ಲಿಂದ ಮುಂದೆ ಬಹಳ ದಿನ ನನ್ನನ್ನು ಅವ್ವಾ ಅಂತ ಕರೆಯಲಿಲ್ಲ. ಉಂಡಾಳೇನು ಕೇಳು, ಮಲಗಲಿ ಅನ್ನು ಅಂತ ಮಗಳ ಕೈಲಿ ಹೇಳಿಸುತ್ತಿದ್ದ.

ಹಾಕುವ ಸ್ಟೆಂಟಿನ ನಮೂನೆಯನ್ನು ಡಾಕ್ಟರ್ ನಮಗೆ ತೋರಿಸಿದರು. ಸಣ್ಣ ತಂತಿಯ ಜಾಳಿಗೆ, ಬೆರಳಿನ ಎರಡು ಗೆಣ್ಣಿನಷ್ಟು ಉದ್ದ. ಮಡಚಿ ಬಲೂನಿನ ಮೇಲೆ ಕೂಡಿಸಿ ನಾಳದೊಳಗೆ ಮೇಲಿನವರೆಗೆ ತಳ್ಳಿಕೊಂಡು ಹೋಗುತ್ತಾರೆ. ಸಣ್ಣಗಾದ ಜಾಗಕ್ಕೆ ಹೋದ ಮೇಲೆ ಬಲೂನು ಉಬ್ಬಿಸಿದರೆ ಜಾಳಿಗೆ ಅಗಲವಾಗಿ ನಾಳದ ಗೋಡೆಗೆ ಒತ್ತಿ ನಿಲ್ಲುತ್ತದೆ. ಬಲೂನು ಹೊರಗೆ ಬರುತ್ತದೆ, ಜಾಳಿಗೆ ಜೀವ ಇರುವವರೆಗೆ ಅಲ್ಲೇ. ಎದೆ ಕೊಯ್ಯುವುದಿಲ್ಲ. ಆದರೆ ಉಬ್ಬಿಸುವಾಗ ನಾಳ ಹರಿಯಲೂಬಹುದು, ಅದು ಅಪರೂಪ, ಆದರೂ ಹೇಳಬೇಕು ಅಂದರು. ಶರಣಪ್ಪ ಸಹಿ ಹಾಕಿದ.

"ಸರ್, ಎಲ್ಲಿಂದ ಒಳಗ ಹಾಕ್ತೀರಿ?" ಭಾಗ್ಯಾ ಕೇಳಿದಳು.

"ತೊಡಿ ಸಂದ್ಯಾಗಿಂದವಾ. ಸಣ್ಣ ತೂತು, ಅಷ್ಟ."

ಹುಡುಗಿ ನನ್ನ ಕಡೆ ತಿರುಗಿದಳು. ನಕ್ಕಳು. "ಆಯಿ, ಈಗ ಅನ್ನು ನೋಡೂಣು, ಕೈ ತಗಿ ಅಂತ."

ನಾನು ಅಕಿಯ ಜಡೆ ಬಿಚ್ಚಿ ಮತ್ತೆ ಹೆಣೆಯಲು ಕೂತೆ.

ಮರುದಿನ ಮುಂಜಾನೆ ಒಳಗೆ ಒಯ್ದರು. ನಾನು ಬಾಗಿಲಿನ ಎದುರು ನೆಲದ ಮೇಲೆ ಕೂತೆ. ಶರಣಪ್ಪ ದೂರದ ಬೆಂಚಿನ ಮೇಲೆ. ನಮ್ಮಿಬ್ಬರ ನಡುವೆ ನಾಲ್ಕು ಖಾಲಿ ಕುರ್ಚಿ. ಕೈ ಮುಗಿದು ಕೂತಿದ್ದೆ ಅಂತ ಬರೆದರೆ ಸುಳ್ಳಾಗುತ್ತದೆ. ದೇವರಿಗೆ ಯಾವ ಮುಖ ತೋರಿಸಲಿ? ಶ್ರಾವಣದಲ್ಲಿ ಆ ಡಾಕ್ಟರನ ಕೈಯಿಂದ ಚೀಟಿ ಕೊಡಿಸಿದಾಗಲೇ ದೇವರ ಕೆಲಸ ಮುಗಿದಿತ್ತು. ಗೋಡೆಯ ಗಡಿಯಾರ ನೋಡಿಕೊಂಡು ನನ್ನ ಪಾದದ ಮೇಲೆ ಬೆರಳಿಟ್ಟು ಕೂತಿದ್ದೆ. ಅದು ಟಕ್ ಟಕ್ ಅಂತಲೇ ಇತ್ತು. ನಾಚಿಕೆಯಾಯಿತು, ನನ್ನ ಕಾಲಿನ ಬಗ್ಗೆ.

ಬಹಳ ಹೊತ್ತಾದ ಮೇಲೆ ಡಾಕ್ಟರ್ ಬಂದು, ಜಾಳಿಗೆ ಕೂತಿದೆ, ನಾಳ ತೆರೆದಿದೆ ಅಂದರು. ಶರಣಪ್ಪ ಗೋಡೆಯ ಕಡೆ ಮುಖ ಮಾಡಿ ನಿಂತ.

ಭಾಗ್ಯಾಳನ್ನು ಹೊರಗೆ ತಂದ ಮೇಲೆ ಆರು ತಾಸು ಬಲಗಾಲು ಮಡಚಬಾರದು, ತೊಡೆಯ ತೂತಿನಿಂದ ರಕ್ತ ಬರುತ್ತದೆ ಅಂತ ಹೇಳಿದರು. ಮಂಪರಿನಲ್ಲಿ ಹುಡುಗಿ ಕಾಲು ಎಳೆದುಕೊಳ್ಳುತ್ತಿದ್ದಳು. "ಮನಿಯವರು ಯಾರರೆ ಹಿಡಕೊಂಡು ಕೂಡ್ರಿ" ಅಂದಳು ಸಿಸ್ಟರ್. ಶರಣಪ್ಪ ಮುಂದೆ ಬಂದ. ಸಿಸ್ಟರ್ ಹೊದಿಕೆ ಸರಿಸಿ ತೊಡೆಯ ಪಟ್ಟಿ ನೋಡುತ್ತಿದ್ದಳು. ಅಪ್ಪನಾದವ ಹಿಂದೆ ಸರಿದ. ನಾನು ಕೂತೆ. ಒಂದು ಕೈ ಮೊಣಕಾಲ ಮೇಲೆ, ಒಂದು ಕೈ ಪಾದದ ಮೇಲೆ. ರಜಿಯಾ ತೋರಿಸಿದ ಜಾಗ ಹುಡುಕಿದೆ.

ಬಡಿಯುತ್ತಿತ್ತು. ಮರಿಗುಬ್ಬಿ ಹಿಡಿದ ಹಾಗೆ, ಬೆರಳ ತುದಿಗೆ. ಪಾದ ನಿಧಾನ ಬೆಚ್ಚಗಾಯಿತು. ತಿಕ್ಕಿದ ಬಿಸಿ ಅಲ್ಲ, ಒಳಗಿನದು. ಆರು ತಾಸು ನಾನು ಆ ಬೆರಳು ತೆಗೆಯಲಿಲ್ಲ. ಮೂತ್ರಕ್ಕೂ ಏಳಲಿಲ್ಲ.

ಎಲ್ಲ ಸರಿಹೋಯಿತು ಅಂತ ಬರೆಯಲು ಆಗುವುದಿಲ್ಲ. ಹೃದಯದ ಗೋಡೆ ದಪ್ಪಗಾಗಿದೆ ಅಂದರು. ಬಿ.ಪಿ. ಇಳಿದಿದೆ, ಪೂರ್ತಿ ಇಳಿದಿಲ್ಲ. ಗುಳಿಗೆ ನಡೆಯುತ್ತಿದೆ. ವರ್ಷಕ್ಕೊಮ್ಮೆ ಚಿತ್ರ ತೆಗೆಸಬೇಕು. ಜಾಳಿಗೆ ಕೂತ ಜಾಗ ಮತ್ತೆ ಸಣ್ಣಗಾಗಬಹುದು. ಮುಂದೆ ಮದುವೆ, ಬಸುರು ಅಂದರೆ ಮೊದಲು ಈ ಡಾಕ್ಟರನ್ನು ಕೇಳಬೇಕು. ಐದು ತಿಂಗಳು ಮೊದಲು ಬಂದಿದ್ದರೆ ಇದರಲ್ಲಿ ಎಷ್ಟು ಕಡಿಮೆ ಆಗುತ್ತಿತ್ತು ಅಂತ ಡಾಕ್ಟರನ್ನು ಕೇಳಿದೆ. "ಅದನ್ನ ಹೇಳಾಕ ಬರಂಗಿಲ್ರಿ" ಅಂದರು. ಏನೂ ಆಗುತ್ತಿರಲಿಲ್ಲ ಅಂದಿದ್ದರೆ ನಾನು ನಂಬುತ್ತಿದ್ದೆ. ಅವರು ಅನ್ನಲಿಲ್ಲ. ಪರೀಕ್ಷೆ ಆ ವರ್ಷ ತಪ್ಪಿತು, ಮುಂದೆ ಕಟ್ಟಿ ಪಾಸಾದಳು. ಮುಂಜಾನೆ ಅಕಿ ಗುಳಿಗೆ ನುಂಗುವಾಗ ನಾನು ಹಿತ್ತಲಿಗೆ ಹೋಗುತ್ತೇನೆ.

ಶಹಾಪುರದ ಆ ಡಾಕ್ಟರನ್ನು ಹುಡುಕಿಕೊಂಡು ಹೋಗಿದ್ದೆ, ಊರಿಗೆ ಬಂದ ವಾರದಲ್ಲೇ. ವರ್ಗ ಮಾಡಿಸಿಕೊಂಡು ತನ್ನ ಕಡೆಗೆ ಹೋಗಿದ್ದ. ರಜಿಯಾ ಹೇಳಿದಳು, "ಆ ದಿನದ ಮ್ಯಾಲ ಅಂವ ಹುಡುಗ್ಯಾರ್ದು ಬರೇ ಕೈ ನಾಡಿ ನೋಡಿ ಬಿಡ್ತಿದ್ದ ದೊಡ್ಡವ್ವಾ. ನಾ ಬಾಜೂಕ ನಿಂತ್ರೂ ಮುಂದ ಕೈ ಹಾಕ್ತಿದ್ದಿಲ್ಲ." ಆ ಸಾಲಿನಲ್ಲಿ ಇನ್ನೊಬ್ಬ ಭಾಗ್ಯಾ ಇದ್ದಳೋ ಏನೋ. ಮೊನ್ನೆ ನನ್ನ ಬಿ.ಪಿ. ಏರಿದ್ದು ಅದಕ್ಕೆ.

ನಮ್ಮಲ್ಲಿ ಹಿರಿಯರು ಕಿರಿಯರ ಕಾಲು ಮುಟ್ಟುವುದಿಲ್ಲ, ಕಿರಿಯರಿಗೆ ಒಳ್ಳೇದಲ್ಲ ಅನ್ನುತ್ತಾರೆ. ನಾನು ದಿನಾ ಮುಂಜಾನೆ ಅಕಿ ಏಳುವ ಮೊದಲು ಎರಡೂ ಪಾದ ಮುಟ್ಟುತ್ತೇನೆ. ಮೊದಮೊದಲು ಎಳೆದುಕೊಳ್ಳುತ್ತಿದ್ದಳು, "ಆಯಿ ಬ್ಯಾಡ, ನನಗ ಪಾಪ ಬರ್ತದ" ಅಂತ. ಈಗ ಕಣ್ಣು ಮುಚ್ಚಿಕೊಂಡೇ, "ಬಡೀತದೇನು?" ಅನ್ನುತ್ತಾಳೆ.

"ಬಡೀತದ. ಏಳು, ಕಸ ಹೊಡಿ."

ಈ ಬೇಸಿಗೆಯೂ ಕೆಟ್ಟದ್ದೇ. ನಿನ್ನೆ ಮಧ್ಯಾಹ್ನ ಉಂಡು ಬಂಡೆಯ ಮೇಲೆ ಅಡ್ಡಾಗಿದ್ದೆ. ಕರೆಂಟು ಇರಲಿಲ್ಲ. ಬೆನ್ನೆಲ್ಲ ಬೆವರು. ಭಾಗ್ಯಾ ಹಿಂದೆ ಬಂದು ಮಲಗಿದಳು. ಎರಡೂ ಅಂಗಾಲು ನನ್ನ ಬೆನ್ನಿಗೆ ಒತ್ತಿದಳು, ಬೇಕಂತಲೇ.

"ಆಯಿ, ಕೂಲರ್ ಬೇಕೇನು?"

ರೊಟ್ಟಿ ಹಂಚಿನಷ್ಟು ಬಿಸಿ.

"ತಗಿಯೇ, ಸುಡಾಕತ್ತಾವ" ಅಂದೆ.

ಅಕಿ ತೆಗೆಯಲಿಲ್ಲ. ನಾನೂ ಸರಿಯಲಿಲ್ಲ.